ಬಚ್ಚಲ ಒಲೆಗೆ ಬಿದ್ದ ಸೋರೆ ಬೀಜ

ಮಂಡ್ಯ
6 ಮಾರ್ಚ್ 2025, ಗುರುವಾರ

ಚಿರಂಜೀವಿ ಚೈತನ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿದ್ದೆ ಬಿಟ್ಟುಹೋದವರನ್ನು ಹಿತ್ತಲಿಗೆ ಬಿಡಬೇಕು ಎಂದು ನನಗೆ ಮೊದಲು ಹೇಳಿದವಳು ನಮ್ಮತ್ತೆ ಮಂಚಮ್ಮ. ನಾನು ಕಿರುಗಾವಲಿಗೆ ಸೊಸೆಯಾಗಿ ಬಂದ ವರ್ಷ, ಶಿವರಾತ್ರಿ ಕಳೆದು ಎಂಟನೆಯ ದಿನ, ಹುಣಸೆಹಣ್ಣು ಕುಟ್ಟುತ್ತಾ ಕೂತು ಹೇಳಿದಳು. ಲೆಕ್ಕ ಹಾಕಿದರೆ ಇವತ್ತಿನಂಥದೇ ದಿನ.

ಅವಳ ಅತ್ತೆಗೆ ಒಂದು ಮಗು ಹೋಗಿತ್ತಂತೆ. ಆಮೇಲೆ ಕಣ್ಣು ಮುಚ್ಚಲೇ ಇಲ್ಲವಂತೆ. ಹರಕೆ ಹೊತ್ತರು, ತಾಯತ ಕಟ್ಟಿದರು, ಬೇವಿನ ಸೊಪ್ಪಿನಲ್ಲಿ ಇಳಿ ತೆಗೆದರು. ಏನೂ ಆಗಲಿಲ್ಲ. ಒಂದು ದಿನ ಏಕತಾರಿ ಹಿಡಿದು ಪದ ಹೇಳಿಕೊಂಡು ಬಂದವನೊಬ್ಬ ಒಂದು ಹಿಡಿ ಸೋರೆ ಬೀಜ ಕೊಟ್ಟು, "ಇದ ಆಕಿ ನೀರುಯ್ಯವ್ವ. ಉಯ್ದಮೇಲೆ ಇಂಗೋಗಂಟ ಕುಂತಿರು. ಇಂಗಿದಮೇಲೆ ಎದ್ದೋಗು" ಎಂದನಂತೆ. ಎಷ್ಟು ದಿನಕ್ಕೆ ನಿದ್ದೆ ಬಂತು ಎಂದು ನಾನು ಕೇಳಿದೆ. ನಮ್ಮತ್ತೆ ಹುಣಸೆ ಕುಟ್ಟುವುದನ್ನು ನಿಲ್ಲಿಸಿ, "ಏನವ್ವ ಇವ್ಳು, ಬಸ್ಸಿನ ಟೈಮ್ ಕೇಳ್ದಂಗೆ ಕೇಳ್ತಾಳೆ" ಎಂದು ಬೈದಳು.

ಅದಕ್ಕೇ ನಿನ್ನ ಅಮ್ಮ ಮದ್ದೂರಿನಿಂದ ಅಳುತ್ತಾ ಬಂದು, ಜನವರಿಯಿಂದ ಹುಡುಗಿ ನಿದ್ದೆ ಮಾಡಿಲ್ಲ, ಆಂಬುಲೆನ್ಸ್ ಕೆಲಸಕ್ಕೆ ಮೂರು ತಿಂಗಳು ರಜೆ ಹಾಕಿಸಿದ್ದೇವೆ, ಮಾತ್ರೆ ತಗೊಂಡರೂ ಆಗುತ್ತಿಲ್ಲ ಎಂದಾಗ, ನಮ್ಮ ಮನೆಯ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟೆ. ನನ್ನ ಮಗಳು ನಿಖಿತಾಳ ಬಾಣಂತನ ತವರಿನಲ್ಲಿ ಆಗಬೇಕು, ಸರಿ. ಆದರೆ ಡಾಕ್ಟರು ಆಸ್ಪತ್ರೆ ಹತ್ತಿರ ಇರಿ ಎಂದದ್ದರಿಂದ ಅವಳ ತವರೇ, ಅಂದರೆ ನಾನೇ, ಮಂಡ್ಯಕ್ಕೆ ಬಂದು ಎರಡನೆಯ ಮಹಡಿಯಲ್ಲಿ ಕೂತಿದೆ. ನನಗೂ ಹಿತ್ತಲು ನೋಡುವವರು ಬೇಕಿತ್ತು. ನಿನಗೆ ಉಪಕಾರ ಮಾಡಿದೆ ಎಂದು ತಿಳಿಯಬೇಡ.

ನಲ್ಲಿ ನೀರು ಬೆಳಿಗ್ಗೆ ಆರಕ್ಕೆ ಬಂದು ಏಳಕ್ಕೆ ಹೋಗುತ್ತದೆ, ತೊಟ್ಟಿ ತುಂಬಿಸಿಕೋ. ಬೆಂಡೆ, ಬದನೆ, ಮೆಣಸಿನ ಗಿಡಗಳಿಗೆ ಸಂಜೆ ಒಂದು ಸಲ ನೀರು ಸಾಕು. ಮಲ್ಲಿಗೆ ಇನ್ನೇನು ಮೊಗ್ಗು ಬಿಡುತ್ತದೆ. ಬಚ್ಚಲ ಒಲೆಗೆ ಗೋಡೆಯಲ್ಲಿ ಬೆರಣಿ ಇವೆ, ತೆಗೆದುಕೋ. ದೇವರಿಗೆ ದೀಪ ಹಚ್ಚಲು ಮನಸ್ಸಿಲ್ಲದಿದ್ದರೆ ಬಿಡು, ಪಾತಿಗೆ ನೀರು ಹಾಕು, ದೇವರು ಲೆಕ್ಕಕ್ಕೆ ಹಿಡಿದುಕೊಳ್ಳುತ್ತಾನೆ.

ಫೋನ್ ಮಾಡಬೇಡ. ನನ್ನ ಕಿವಿಯ ಸ್ಥಿತಿ ನಿನಗೆ ಗೊತ್ತು, ಫೋನಿನಲ್ಲಿ ನಾನು ಆಡಿದ್ದು ನನಗೇ ಕೇಳುವುದಿಲ್ಲ. ಮೂವತ್ತು ವರ್ಷ ಅಂಗನವಾಡಿ ರಿಜಿಸ್ಟರ್ ಬರೆದ ಕೈ, ಕಾಗದ ಬರೆಯುತ್ತೇನೆ. ನೀನೂ ಬರೆ. ಅಂಚೆಯ ಕೆಂಪರಾಜು ಮನೆಗೇ ತಂದು ಕೊಡುತ್ತಾನೆ.

ಇತಿ ನಿನ್ನ ದೊಡ್ಡಮ್ಮ,
ಮಹದೇವಮ್ಮ


ಕಿರುಗಾವಲು
13 ಮಾರ್ಚ್ 2025

ಪ್ರೀತಿಯ ದೊಡ್ಡಮ್ಮನಿಗೆ ಚೈತನ್ಯಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಿದ್ದೆ ಪರವಾಗಿಲ್ಲ. ಅಮ್ಮ ಕೇಳಿದರೆ ಹಾಗೇ ಹೇಳು.

ಗಿಡಗಳೆಲ್ಲ ಚೆನ್ನಾಗಿವೆ. ಒಂದು ನೋಟ್ ಪುಸ್ತಕ ಮಾಡಿಕೊಂಡಿದ್ದೇನೆ. ಬೆಂಡೆ ಇಪ್ಪತ್ತೆರಡು, ಬದನೆ ಒಂಬತ್ತು, ಮೆಣಸು ಹದಿನಾಲ್ಕು. ಎಲ್ಲಕ್ಕೂ ನಂಬರ್ ಕೊಟ್ಟಿದ್ದೇನೆ. ಏಳನೇ ಬೆಂಡೆ ಮಧ್ಯಾಹ್ನ ಎಲೆ ಬಾಡಿಸುತ್ತದೆ, ಅದಕ್ಕೆ ಹನ್ನೆರಡು ಗಂಟೆಗೆ ಅರ್ಧ ಚೊಂಬು ಹೆಚ್ಚಿಗೆ ಹಾಕುತ್ತಿದ್ದೇನೆ. ಮೂರನೇ ಬದನೆಯ ಕೆಳಗಿನ ಎಲೆ ಹಳದಿಯಾಗಿದೆ, ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೇನೆ. ನಿನ್ನೆ ಎದುರು ಮನೆಯ ದೇವಿರಮ್ಮಜ್ಜಿ ಬೇಲಿಯಿಂದ ಇಣುಕಿ ನೋಡಿ, "ಏನವ್ವಾ, ಗಿಡಕ್ಕೆ ನೀರುಯ್ತಿದ್ದೀಯೋ, ಭತ್ತದ ನಾಟಿಗೆ ಗದ್ದೆ ಮಾಡ್ತಿದ್ದೀಯೋ?" ಎಂದರು. ನನಗೆ ನಗು ಬಂತು. ಬಹಳ ದಿನದ ಮೇಲೆ.

ಇಂಗುವ ತನಕ ಕೂತಿರು ಎಂದಿದ್ದೀಯ. ಕೂರುತ್ತೇನೆ. ಆದರೆ ಒಂದಕ್ಕೆ ಇಂಗುವಷ್ಟರಲ್ಲಿ ಇನ್ನೊಂದಕ್ಕೆ ಬೇಕೇನೋ ಅನ್ನಿಸುತ್ತದೆ. ಎದ್ದುಬಿಡುತ್ತೇನೆ.

ಬಿಸಿನೀರಿಗೆ ತೊಂದರೆಯಿಲ್ಲ. ಗೋಡೆಯ ಬೆರಣಿ ಚೆನ್ನಾಗಿ ಒಣಗಿವೆ, ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತವೆ. ಉರಿಯುವಾಗ ಒಳಗಿಂದ ಚಟಪಟ ಅನ್ನುತ್ತವೆ. ಆ ಸದ್ದು ಕೇಳುತ್ತಾ ಒಲೆ ಮುಂದೆ ಕೂತರೆ ಸ್ವಲ್ಪ ಹೊತ್ತು ಬೇರೆ ಸದ್ದು ಕೇಳಿಸುವುದಿಲ್ಲ.

ನನ್ನ ರಜೆ ಮೇ ಹನ್ನೆರಡಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಕೆಲಸಕ್ಕೆ ಹೋಗಬೇಕು, ಇಲ್ಲವೇ ರಾಜೀನಾಮೆ ಬರೆದುಕೊಡಬೇಕು. ನಿದ್ದೆಯಿಲ್ಲದೆ ಒಬ್ಬರ ಕೈಗೆ ಸೂಜಿ ಹಾಕುವುದು ಸರಿಯಲ್ಲ. ಆದರೆ ಅದೆಲ್ಲ ಮುಂದಿನ ಮಾತು. ನಿಖಿತಾ ಅಕ್ಕ ಹೇಗಿದ್ದಾಳೆ?

ಇತಿ,
ಚೈತನ್ಯಾ


ಮಂಡ್ಯ
18 ಮಾರ್ಚ್ 2025

ಚಿರಂಜೀವಿ ಚೈತನ್ಯಾಳಿಗೆ ಆಶೀರ್ವಾದಗಳು.

ಶನಿವಾರ ಬೆಳಿಗ್ಗೆ ನಿಖಿತಾಗೆ ಹೆಣ್ಣು ಮಗು ಆಯಿತು. ಎರಡೂ ಜೀವ ಚೆನ್ನಾಗಿವೆ. ಅಳಿಯ ಪ್ರೀತಂ ಹೊರಗೆ ಬಂದು ನನ್ನ ಕಿವಿಯ ಹತ್ತಿರ ಕೂಗಿದ. ನನಗೆ ಬಿಟ್ಟು ಆಸ್ಪತ್ರೆಗೆಲ್ಲ ಕೇಳಿತು.

ನಿನ್ನ ಪುಸ್ತಕದ ವಿಚಾರ ಓದಿ ನಕ್ಕೆ. ಗಿಡಕ್ಕೆ ನಂಬರ್ ಕೊಡುವುದು, ಹೊತ್ತುಹೊತ್ತಿಗೆ ಹೋಗಿ ನೋಡುವುದು, ಮುಂದೆ ಡ್ರಿಪ್ಪು ಹಾಕುತ್ತೀಯ ಅಷ್ಟೇ. ಬೆಂಡೆ ಮಧ್ಯಾಹ್ನದ ಬಿಸಿಲಿಗೆ ಎಲೆ ಇಳಿಬಿಡುವುದು ರೋಗವಲ್ಲ, ಅದರ ವಿಶ್ರಾಂತಿ. ಸಂಜೆಗೆ ತಾನೇ ಎದ್ದುಕೊಳ್ಳುತ್ತದೆ. ಬದನೆಯ ಎಲೆ ಹಳದಿಯಾಗಿರುವುದು ನೀರು ಸಾಲದೆ ಅಲ್ಲ, ಹೆಚ್ಚಾಗಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡು. ಒದ್ದೆ ತಾಗಿದರೆ ಚೊಂಬು ಕೆಳಗಿಟ್ಟು ಸುಮ್ಮನೆ ಬಾ. ಸುಮ್ಮನೆ ಬರುವುದೇ ಕಷ್ಟ, ನನಗೆ ಗೊತ್ತು.

ಒಂದು ಮುಖ್ಯವಾದ ಮಾತು ಹೋದ ಸಲ ಮರೆತೆ. ಯುಗಾದಿ ಮೂವತ್ತಕ್ಕೆ. ಮಾರನೆಯ ದಿನ ಸೋರೆ ಹಾಕಬೇಕು. ಬೀಜ ಎಲ್ಲಿದೆ ಎಂದು ಹುಡುಕಬೇಡ. ಬಚ್ಚಲ ಹಿಂದಿನ ಗೋಡೆಯಲ್ಲಿ, ಸೂರಿನ ಕೆಳಗೆ, ಅಂಗೈಯಗಲದ ಸಗಣಿ ಬಿಲ್ಲೆಗಳು ಒಂದು ಸಾಲು ಇವೆಯಲ್ಲ, ಅದರೊಳಗೇ ಇದೆ. ಸಗಣಿಯಲ್ಲಿ ಬೀಜ ಒತ್ತಿ ಗೋಡೆಗೆ ತಟ್ಟಿಟ್ಟರೆ ಹುಳು ಮುಟ್ಟುವುದಿಲ್ಲ. ಬಿಲ್ಲೆಯನ್ನು ಒಂದು ರಾತ್ರಿ ನೆನೆಸಿ ಹಾಗೇ ಪಾತಿಗೆ ಮುರಿದು ಹಾಕು. ಆ ಏಕತಾರಿಯವನು ಕೊಟ್ಟ ಬೀಜದ ವಂಶವೇ ಅದು. ನಮ್ಮತ್ತೆಯ ಅತ್ತೆಯಿಂದ ಇಲ್ಲಿಯವರೆಗೆ ಒಂದು ವರ್ಷವೂ ತಪ್ಪಿಲ್ಲ.

ನೀನು ನಿದ್ದೆ ಮಾಡುತ್ತಿರುವುದು ಓದಿ ಸಮಾಧಾನವಾಯಿತು.

ಮಹದೇವಮ್ಮ


ಮಂಡ್ಯ
29 ಮಾರ್ಚ್ 2025

ಚೈತನ್ಯಾ,

ಹನ್ನೊಂದು ದಿನವಾಯಿತು, ನಿನ್ನ ಕಾಗದವಿಲ್ಲ. ಪ್ರೀತಂ ದಿನಾ ಆಫೀಸಿನಿಂದ ಬಂದು ಕೈ ಅಲ್ಲಾಡಿಸುತ್ತಾನೆ, ಇಲ್ಲ ಎಂದು. ಇರಲಿ. ನಿದ್ದೆ ಹತ್ತಿದವರಿಗೆ ಕಾಗದ ಬರೆಯುವಷ್ಟು ಎಚ್ಚರ ಎಲ್ಲಿರುತ್ತದೆ ಎಂದು ಅಂದುಕೊಂಡು ಸುಮ್ಮನಿದ್ದೇನೆ.

ನಾಳೆ ಹಬ್ಬ. ಇಲ್ಲಿ ಬೇವಿನ ಸೊಪ್ಪನ್ನು ಮಾರ್ಕೆಟ್ಟಿನಲ್ಲಿ ಕೊಂಡು ತಂದರು. ನನಗೆ ಮಣ್ಣು ಮುಟ್ಟದೆ ಕೈ ತುರಿಸುತ್ತದೆ. ನಾಡಿದ್ದು ಬಿಲ್ಲೆಗಳನ್ನು ಹಾಕುವಾಗ ಮೂಡಲಿಗೆ ಮುಖ ಮಾಡಿ ಹಾಕು.

ದೊಡ್ಡಮ್ಮ


ಕಿರುಗಾವಲು
6 ಏಪ್ರಿಲ್ 2025

ದೊಡ್ಡಮ್ಮನಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸು. ಹಬ್ಬದ ಕೆಲಸ ಇತ್ತು.

ಸೋರೆ ಹಾಕಿದೆ. ಯುಗಾದಿ ಮಾರನೆಯ ದಿನವೇ. ನೀನು ಹೇಳಿದಂತೆ ಮೂಡಲಿಗೆ ಮುಖ ಮಾಡಿದ್ದೆ. ಹನ್ನೆರಡು ಬೀಜ. ನಿನ್ನೆ ಬೆಳಿಗ್ಗೆ, ಐದನೆಯ ದಿನಕ್ಕೆ, ಹನ್ನೆರಡೂ ಒಟ್ಟಿಗೆ ಮೊಳೆತವು. ಒಂದೂ ಹಿಂದೆ ಬಿದ್ದಿಲ್ಲ. ಒಂದೇ ಎತ್ತರ. ನೋಡಲು ಸಾಲಾಗಿ ನಿಲ್ಲಿಸಿದ ಹಾಗಿವೆ. ನಿನಗೆ ಸಂತೋಷವಾಗುತ್ತದೆ ಎಂದು ತಕ್ಷಣ ಬರೆಯುತ್ತಿದ್ದೇನೆ.

ನೀರು ಈಗ ಸಂಜೆ ಮಾತ್ರ. ಬದನೆ ಸುಧಾರಿಸಿದೆ. ಮಲ್ಲಿಗೆ ಅರಳುತ್ತಿದೆ, ದೇವಿರಮ್ಮಜ್ಜಿಯ ಸೊಸೆ ಶ್ವೇತ ಬಂದು ಬಿಡಿಸಿಕೊಂಡು ಹೋಗುತ್ತಾಳೆ. ಅವಳಿಗೆ ನನ್ನನ್ನು ಏನೋ ಕೇಳಬೇಕೆಂದಿದೆ, ಕೇಳುವುದಿಲ್ಲ.

ನಿದ್ದೆ ಬರುತ್ತಿದೆ.

ಚೈತನ್ಯಾ


ಮಂಡ್ಯ
11 ಏಪ್ರಿಲ್ 2025

ಚೈತನ್ಯಾ,

ನೇರವಾಗಿ ಕೇಳುತ್ತೇನೆ. ಬೀಜ ಎಲ್ಲಿಯದು?

ನಮ್ಮ ಸೋರೆ ಐದು ದಿನಕ್ಕೆ ಮೊಳೆಯುವುದಿಲ್ಲ. ಒಂಬತ್ತು ದಿನ ಬೇಕು, ಅದೂ ಒಂದು ಇವತ್ತು ಎದ್ದರೆ ಇನ್ನೊಂದು ಮೂರು ದಿನ ಬಿಟ್ಟು, ಮತ್ತೊಂದು ನಾವು ಆಸೆ ಬಿಟ್ಟ ಮೇಲೆ. ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಒಟ್ಟಿಗೆ ಎದ್ದು ನಿಲ್ಲುವುದು ಪೊಟ್ಟಣದ ಬೀಜ. ಅದರಲ್ಲಿ ತಪ್ಪಿಲ್ಲ, ಕಾಯಿ ಬಿಡುತ್ತದೆ. ಆದರೆ ಅದು ನಮ್ಮದಲ್ಲ.

ಚಟಪಟ ಎಂದು ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ಬೆರಣಿ ಹಾಗೆ ಅನ್ನುವುದಿಲ್ಲ. ಸುಟ್ಟೆ ತಾನೇ? ನಾನು ಹೇಳಿದ್ದು ಕೊಟ್ಟಿಗೆ ಗೋಡೆಗೆ ಒಟ್ಟಿರುವ ದೊಡ್ಡ ಬೆರಣಿ. ಬರೀ ಗೋಡೆ ಎಂದು ಬರೆದದ್ದು ನನ್ನ ತಪ್ಪು. ಸುಟ್ಟದ್ದು ಗೊತ್ತಿಲ್ಲದೆ ಆದ ತಪ್ಪು, ಅದಕ್ಕೆ ನಾನು ಕೋಪ ಮಾಡುವುದಿಲ್ಲ. ಹನ್ನೆರಡೂ ಒಟ್ಟಿಗೆ ಮೊಳೆತವು ಎಂದು ಬರೆದೆಯಲ್ಲ, ಅದಕ್ಕೆ ಕೋಪ ಬಂದಿದೆ. ಇಂಥ ಕಾಗದ ಬರೆಯುವವಳು ನಿದ್ದೆಯ ವಿಷಯದಲ್ಲಿ ಏನು ಬರೆದಿರಬಹುದು ಎಂದು ಈಗ ಯೋಚನೆಯಾಗುತ್ತಿದೆ.

ಬೀಜ ಪೂರ್ತಿ ಹೋಗಿಲ್ಲ. ಪ್ರತಿ ವರ್ಷ ಒಂದು ಬಿಲ್ಲೆ ದೇವಿರಮ್ಮನಿಗೆ ಕೊಡುತ್ತೇನೆ, ಅವಳ ಅವರೆ ಬೀಜ ನನ್ನ ಹತ್ತಿರ ಇರುತ್ತದೆ. ಹೋಗಿ ಕೇಳು. ಆದರೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಬೀಜ ಕಳೆದುಕೊಂಡವರು ಕೊಟ್ಟ ಮನೆಯ ಜಗಲಿಯಲ್ಲಿ ಕೂತು, ಹೇಗೆ ಕಳೆಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ಕಾಸಿಗೆ ಕೊಡುವುದಿಲ್ಲ. ಸುಳ್ಳು ಹೇಳಿ ತಂದದ್ದು ಮೊಳೆಯುವುದಿಲ್ಲ ಎಂದು ಹಿರಿಯರ ನಂಬಿಕೆ. ಅವರು ಅದನ್ನು ಪರೀಕ್ಷೆ ಮಾಡಿ ನೋಡಿಲ್ಲ, ನೀನೂ ಮಾಡಬೇಡ.

ಇಲ್ಲಿ ನಾನು ಹೆಚ್ಚು ದಿನ ಇರಲಾರೆ ಅನ್ನಿಸುತ್ತದೆ. ಬೇಗ ಬಂದರೂ ಬಂದೆ.

ಮಹದೇವಮ್ಮ


ಕಿರುಗಾವಲು
17 ಏಪ್ರಿಲ್ 2025

ದೊಡ್ಡಮ್ಮ,

ಹೌದು, ಸುಟ್ಟೆ. ಒಂದು ಸಾಲು ಪೂರ್ತಿ. ಬೀಜದ ವಿಷಯ ಬರೆದ ನಿನ್ನ ಕಾಗದ ಮಾರ್ಚ್ ಇಪ್ಪತ್ತೆರಡಕ್ಕೆ ಬಂತು. ಕೆಂಪರಾಜಣ್ಣ ಇನ್ನೂ ಗೇಟಿನಲ್ಲೇ ಇದ್ದ, ನಾನು ಓಡಿಹೋಗಿ ಬಚ್ಚಲ ಹಿಂದೆ ನೋಡಿದೆ. ಗೋಡೆಯಲ್ಲಿ ದುಂಡಗಿನ ಗುರುತುಗಳಿದ್ದವು. ಒಲೆಯ ಬೂದಿಯನ್ನೆಲ್ಲ ಅಂಗಳಕ್ಕೆ ಸುರಿದು ಜರಡಿ ಹಿಡಿದೆ. ಒಂದೇ ಒಂದು ಬೀಜ ಸಿಕ್ಕಿತು, ಕಪ್ಪಗೆ. ಮುಟ್ಟಿದರೆ ಪುಡಿಯಾಯಿತು. ಮಾರನೆಯ ದಿನ ಮಳವಳ್ಳಿಗೆ ಹೋಗಿ ಪೊಟ್ಟಣ ತಂದೆ.

ನೀನು ಬೇಗ ಬರುವುದು ನನ್ನಿಂದಲೇ ಎಂದು ಗೊತ್ತಾಯಿತು. ಮೂರು ತಲೆಮಾರು ಉಳಿಸಿಕೊಂಡದ್ದನ್ನು ಎರಡು ವಾರದಲ್ಲಿ ಬಿಸಿನೀರಿಗೆ ಹಾಕಿದವಳ ಕೈಗೆ ಹಿತ್ತಲು ಯಾರು ಬಿಡುತ್ತಾರೆ. ನಾನು ಮದ್ದೂರಿಗೆ ಹೋಗುತ್ತೇನೆ. ರಾಜೀನಾಮೆ ಬರೆದು ಇಟ್ಟಿದ್ದೇನೆ, ತಾರೀಕು ಒಂದು ಹಾಕಿಲ್ಲ.

ನಿದ್ದೆಯೂ ಸುಳ್ಳು. ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ಅಮ್ಮನಿಗೂ ಹೇಳಿಲ್ಲ.

ಜನವರಿ ಹತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಮದ್ದೂರು ದಾಟಿ ಹೈವೇಯಲ್ಲಿ ಒಂದು ಗೂಡ್ಸ್ ಆಟೋ ಪಲ್ಟಿಯಾಗಿತ್ತು. ಇಬ್ಬರು. ಒಬ್ಬಾತನ ಕಾಲು ಮುರಿದಿತ್ತು, ಮೂಳೆ ಕಾಣುತ್ತಿತ್ತು, ಕೂಗಾಟ ಅರ್ಧ ಮೈಲಿಗೆ ಕೇಳುತ್ತಿತ್ತು. ಸುತ್ತ ಜನ. ಇನ್ನೊಬ್ಬರು ಒಬ್ಬ ಹೆಂಗಸು, ಅರವತ್ತಿರಬಹುದು. ರಸ್ತೆ ನಡುವಿನ ಕಟ್ಟೆಗೆ ಒರಗಿ ಕೂತಿದ್ದರು, ಸೆರಗು ಸರಿಮಾಡಿಕೊಂಡು. ಮೈಮೇಲೆ ಒಂದು ಗೀರೂ ಇರಲಿಲ್ಲ. ನಾನು ಹತ್ತಿರ ಹೋದೆ. "ನಂಗೇನೂ ಆಗಿಲ್ಲ ಕಣವ್ವ. ಮೊದ್ಲು ಆವಪ್ಪನ ನೋಡು, ಪಾಪ ಅರಚ್ಕೊತಾವ್ನೆ" ಎಂದರು.

ನಮಗೆ ತರಬೇತಿಯಲ್ಲಿ ಮೊದಲು ಹೇಳಿಕೊಡುವುದೇ ಇದು. ಕೂಗುವವನಿಗೆ ಉಸಿರಿದೆ, ಸುಮ್ಮನಿರುವವರನ್ನು ಮೊದಲು ನೋಡಿ. ನನಗೆ ಗೊತ್ತಿತ್ತು. ಮಣಿಕಟ್ಟು ಹಿಡಿದಿದ್ದರೆ ಸಾಕಿತ್ತು, ನಾಡಿ ಹೇಳುತ್ತಿತ್ತು. ಹಿಡಿಯಲಿಲ್ಲ. ಜನ ಆತನನ್ನು ಎತ್ತಿ ಸ್ಟ್ರೆಚರ್ ಮೇಲೆ ಹಾಕಿಯಾಗಿತ್ತು, ನಾನು ಬಾಗಿಲು ಹಾಕಿಕೊಂಡೆ. ಎರಡನೆಯ ಗಾಡಿ ಬರಲು ಹದಿನಾಲ್ಕು ನಿಮಿಷ ಆಯಿತು. ಅವರಿಗೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿತ್ತು. ಆಸ್ಪತ್ರೆ ತಲುಪಲಿಲ್ಲ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕಾಲು ಮುರಿದಾತ ಬದುಕಿದ, ಅವನ ಮನೆಯವರು ಬಂದು ಸಿಹಿ ಕೊಟ್ಟು ಹೋದರು. ಆ ಡಬ್ಬಿ ಕೈಯಲ್ಲಿ ಹಿಡಿದುಕೊಂಡ ದಿನದಿಂದ ನಿದ್ದೆ ಇಲ್ಲ.

ಈಗ ನೀನು ಏನು ಬೇಕಾದರೂ ಬರೆ. ಬರೆಯದಿದ್ದರೂ ಸರಿ.

ಚೈತನ್ಯಾ


ಮಂಡ್ಯ
22 ಏಪ್ರಿಲ್ 2025

ನನ್ನ ಮಗಳೇ,

ಕಾಗದ ಬಂದು ಒಂದು ದಿನವಾಯಿತು.

ನಿನ್ನದೇನೂ ತಪ್ಪಿಲ್ಲ ಎಂದು ನಾನು ಬರೆಯುವುದಿಲ್ಲ. ಹಾಗೆ ಬರೆದರೆ ನೀನು ನಂಬುವುದಿಲ್ಲ, ನನ್ನ ಮುಂದಿನ ಮಾತನ್ನೂ ನಂಬುವುದಿಲ್ಲ. ಒಂದು ಮಾತು ಮುಚ್ಚಿಟ್ಟಿದ್ದೆ, ಅದನ್ನು ಹೇಳುತ್ತೇನೆ.

ನಾನು ಬೇಗ ಬರುತ್ತೇನೆ ಎಂದದ್ದು ಬೀಜಕ್ಕಲ್ಲ. ಏಪ್ರಿಲ್ ಹತ್ತರಂದು, ನಿನ್ನ ಹನ್ನೆರಡು ಸೋರೆಯ ಕಾಗದ ಬಂದ ದಿನ, ನಿಖಿತಾ ಸ್ನಾನಕ್ಕೆ ಹೋಗಿದ್ದಳು. ಮಗು ನನ್ನ ಬೆನ್ನ ಹಿಂದೆ ತೊಟ್ಟಿಲಲ್ಲಿತ್ತು. ನಾನು ಬೆಳಕಿಗೆಂದು ಕಿಟಕಿಯ ಕಡೆ ತಿರುಗಿ ನಿನ್ನ ಕಾಗದವನ್ನು ಎರಡನೆಯ ಸಲ ಓದುತ್ತಾ, ಐದು ದಿನಕ್ಕೆ ಹೇಗೆ ಮೊಳೆಯಿತು ಎಂದು ಲೆಕ್ಕ ಹಾಕುತ್ತಿದ್ದೆ. ನಿಖಿತಾ ಮೈಯೆಲ್ಲ ಸೋಪು ಇಟ್ಟುಕೊಂಡು ಓಡಿ ಬಂದಳು. ಹಿಂತಿರುಗಿ ನೋಡುತ್ತೇನೆ, ಕೂಸು ಅತ್ತೂ ಅತ್ತೂ ಮುಖ ನೀಲಿಯಾಗಿತ್ತು, ಹೊದಿಸಿದ ಬಟ್ಟೆ ಬಾಯಿಗೆ ಸುತ್ತಿಕೊಂಡಿತ್ತು. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ನಿಖಿತಾ ಮಗುವನ್ನು ಎತ್ತಿಕೊಂಡು ನನ್ನನ್ನು ಏನೇನೋ ಅಂದಳು. ಬಾಯಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ. ಅಷ್ಟರ ಮಟ್ಟಿಗೆ ಕಿವುಡು ಒಳ್ಳೆಯದೇ.

ಮಗುವಿಗೆ ಏನೂ ಆಗಲಿಲ್ಲ. ನಿನ್ನ ಹೆಂಗಸಿಗೆ ಆಯಿತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಆ ನಾಲ್ಕು ಅಡಿ ನನಗೂ ಗೊತ್ತು.

ಒಂದು ವಾರ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಬಟ್ಟೆ ಮಡಿಸಿದೆ, ಸೊಪ್ಪು ಸೋಸಿದೆ. ಚೀಲ ಕಟ್ಟಿಟ್ಟೆ. ಬಸ್ ಹತ್ತಿಬಿಡೋಣ, ಕಿವುಡಿ ಹಿತ್ತಲಿಗೆ ಸಾಕು ಎಂದು. ಆಮೇಲೆ ತೊಟ್ಟಿಲು ತೂಗುವ ಹಗ್ಗದ ತುದಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಕೂತೆ. ಮಗು ಅತ್ತರೆ ಕಾಲು ಬಡಿಯುತ್ತದೆ, ಹಗ್ಗ ಅಲುಗುತ್ತದೆ, ನನಗೆ ಗೊತ್ತಾಗುತ್ತದೆ. ಮೊದಲ ದಿನ ನಿಖಿತಾ ಬಾಗಿಲಲ್ಲೇ ನಿಂತು ನೋಡಿದಳು. ಎರಡನೆಯ ದಿನ ಅಡುಗೆ ಮನೆಗೆ ಹೋದಳು. ನಿನ್ನೆ ಅಂಗಡಿಗೆ ಹೋಗಿ ಬಂದಳು. ಮಣಿಕಟ್ಟು ಕೆಂಪಾಗಿದೆ, ಇರಲಿ.

ಹಿತ್ತಲು ಬಿಟ್ಟು ಹೋಗಬೇಡ. ದೇವಿರಮ್ಮನ ಜಗಲಿಗೆ ಹೋಗು. ಸೋರೆಗೆ ಇನ್ನೂ ಹೊತ್ತು ಮೀರಿಲ್ಲ, ಮೇ ತಿಂಗಳಲ್ಲಿ ಹಾಕಿದರೂ ಬರುತ್ತದೆ. ನಾನು ಮೇ ಹತ್ತಕ್ಕೆ ಬರುತ್ತೇನೆ, ಅದಕ್ಕೆ ಮೊದಲಲ್ಲ.

ದೊಡ್ಡಮ್ಮ


ಕಿರುಗಾವಲು
5 ಮೇ 2025, ಸೋಮವಾರ

ದೊಡ್ಡಮ್ಮ,

ನಿನ್ನ ಕಾಗದ ಬಂದ ಮೇಲೆ ಎಂಟು ದಿನ ದೇವಿರಮ್ಮಜ್ಜಿಯ ಮನೆಗೆ ಹೋಗಲಿಲ್ಲ. ದಿನಾ ಸಂಜೆ ನೀರು ಹಾಕಿ, ಇವತ್ತು ಹೋಗುತ್ತೇನೆ ಎಂದುಕೊಂಡು, ಕಾಲು ತೊಳೆದುಕೊಂಡು, ಗೇಟಿನ ತನಕ ಹೋಗಿ ವಾಪಸ್ ಬರುತ್ತಿದ್ದೆ. ಒಂದು ದಿನ ಅಜ್ಜಿಯೇ ಜಗಲಿಯಿಂದ ನೋಡಿ, ಗೇಟಿನ ಹತ್ತಿರ ಏನಾದರೂ ಕಳೆದುಕೊಂಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದು ಒಳಗೆ ಬಂದೆ. ಈ ನಡುವೆ ಒಂದೇ ಒಂದು ಬದಲಾವಣೆ. ನಂಬರ್ ಪುಸ್ತಕವನ್ನು ನಾಲ್ಕು ದಿನ ತೆಗೆಯುವುದೇ ಮರೆತಿದ್ದೆ. ಮರೆತಿದ್ದೇನೆ ಎಂದು ಐದನೆಯ ದಿನ ನೆನಪಾಯಿತು. ಪಾತಿಯ ಹತ್ತಿರ ಕೂತರೆ ಈಗ ಎದ್ದು ಓಡಬೇಕು ಅನ್ನಿಸುವುದಿಲ್ಲ. ಆದರೆ ಹಾಸಿಗೆಗೆ ಹೋದರೆ ಮತ್ತೆ ಅದೇ.

ಶನಿವಾರ ಸಂಜೆ ಹೋದೆ. ಜಗಲಿಯಲ್ಲಿ ಅಜ್ಜಿ ಇದ್ದರು, ಶ್ವೇತ ಹೂ ಕಟ್ಟುತ್ತಿದ್ದಳು. ಕೆಂಪರಾಜಣ್ಣ ಯಾರದೋ ಪಿಂಚಣಿ ಕೊಟ್ಟು ಬಂದವನು ಮಜ್ಜಿಗೆ ಕುಡಿಯುತ್ತಾ ಕೂತಿದ್ದ. ನಾನು ಮೆಟ್ಟಿಲ ಮೇಲೆ ಕೂತು, ಬೀಜ ಕಳೆದುಕೊಂಡಿದ್ದೇನೆ ಎಂದೆ. ಶ್ವೇತ ದಾರ ಕೆಳಗಿಟ್ಟಳು. ಪದ್ಧತಿ ಮೂವರಿಗೂ ಗೊತ್ತಿತ್ತು.

ಬೆರಣಿ ಎಂದು ತಿಳಿದು ಸುಟ್ಟದ್ದು, ಬೂದಿ ಜರಡಿ ಹಿಡಿದದ್ದು, ಮಳವಳ್ಳಿಯ ಪೊಟ್ಟಣ, ನಿನಗೆ ಬರೆದ ಸುಳ್ಳು, ಎಲ್ಲ ಹೇಳಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. "ಎರಡು ವಾರ ಸೋರೆಕಾಯ್ ಬೀಜದಾಗೆ ನೀರ್ ಕಾಸ್ಕೊಂಡು ಮಿಂದಿದ್ದೀಯ ಕಣವ್ವ. ಮಾರಾಜನ ಮನೇಲೂ ಅಂಗ್ ಮಿಂದಿಲ್ಲ" ಎಂದರು. ಕೆಂಪರಾಜಣ್ಣನಿಗೆ ಮಜ್ಜಿಗೆ ನೆತ್ತಿಗೇರಿತು. ನಾನೂ ನಕ್ಕೆ. ಅಜ್ಜಿ ನಗು ನಿಲ್ಲಿಸಿ ನನ್ನ ಮುಖ ನೋಡಿದರು.

"ಬೀಜ ಸುಟ್ಟಿದ್ದಾಯ್ತು ಬುಡು. ನಿದ್ದೆ ಯಾಕವ್ವ ಸುಟ್ಕೊಂಡೆ?"

ಕೇಳಿದ ಕೂಡಲೇ ಹೇಳಿಬಿಟ್ಟೆ. ನಿನಗೆ ಬರೆಯುವಾಗ ಅಷ್ಟು ಕಷ್ಟಪಟ್ಟಿದ್ದೆ, ಬಾಯಿಂದ ಅದು ತಾನಾಗಿ ಬಂತು. ಹೆಂಗಸು ಸೆರಗು ಸರಿಮಾಡಿಕೊಂಡದ್ದು, ನಾನು ಬಾಗಿಲು ಹಾಕಿಕೊಂಡದ್ದು, ಸಿಹಿ ಡಬ್ಬಿ. ನಾಯಿಯೊಂದು ಬಂದು ಶ್ವೇತಳ ಹೂವಿನ ಬುಟ್ಟಿ ಮೂಸಿತು, ಯಾರೂ ಓಡಿಸಲಿಲ್ಲ.

"ಆಯಮ್ಮನ ಎಸ್ರು ಏನವ್ವ?" ಎಂದರು ಅಜ್ಜಿ.

ನನಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ನೋಡಿದ್ದೆ. ಆದರೆ ಮೂರು ತಿಂಗಳಿನಿಂದ ಒಂದು ಸಲವೂ ಬಾಯಲ್ಲಿ ಹೇಳಿರಲಿಲ್ಲ. ಚಿಕ್ಕಬೋರಮ್ಮ ಎಂದೆ. ಹನಕೆರೆಯವರು ಎಂದೆ.

"ಚಿಕ್ಕಬೋರಮ್ಮ" ಎಂದು ಅಜ್ಜಿ ಒಂದು ಸಲ ಹೇಳಿದರು, ಪರಿಚಯದವರ ಹೆಸರು ಹೇಳುವ ಹಾಗೆ. ಶ್ವೇತಳೂ ಮೆಲ್ಲಗೆ ಹೇಳಿದಳು. ಆಮೇಲೆ ಅಜ್ಜಿ, "ತಾನು ಸಾಯ್ತಿದ್ರೂವೆ ಇನ್ನೊಬ್ಬನ್ನ ನೋಡು ಅಂದ್ಲಲ್ಲ. ಅಂಥೋಳ ಮಾತ ಕೇಳಿ ನೀನು ತಪ್ ಮಾಡ್ದೆ. ತಪ್ಪು ತಪ್ಪೇ ಕಣವ್ವ. ಮುಂದ್ಕೆ ಯಾವ್ಳಾರ ನಂಗೇನೂ ಆಗಿಲ್ಲ ಅಂದ್ರೆ ಕೈ ಇಡ್ಕೊ" ಎಂದರು. ಅಷ್ಟೇ. ಎದ್ದು ಒಳಗೆ ಹೋಗಿ ಒಂದು ಬಿಲ್ಲೆ ತಂದರು. ಅರ್ಧ ಮುರಿದು ನನ್ನ ಕೈಗಿಟ್ಟು ಉಳಿದರ್ಧವನ್ನು ವಾಪಸ್ ಒಳಗಿಟ್ಟರು.

ಊಟ ಅಲ್ಲೇ ಆಯಿತು. ಮುದ್ದೆ, ಬಸ್ಸಾರು. ಮನೆಗೆ ಬಂದು ಬಿಲ್ಲೆಯನ್ನು ನೆನೆಹಾಕಿ ಹಜಾರದಲ್ಲಿ ಚಾಪೆ ಹಾಕಿಕೊಂಡೆ. ಬಾಗಿಲು ಹಾಕಿದ್ದೆನೋ ಇಲ್ಲವೋ ನೆನಪಿಲ್ಲ.

ಹನ್ನೆರಡಕ್ಕೆ ಹೋಗಿ ಕೆಲಸಕ್ಕೆ ಸೇರಿಕೊಳ್ಳುತ್ತೇನೆ. ಸೇರಿದ ಮೇಲೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಮೊದಲು ಒಂದು ದಿನ ಹನಕೆರೆಗೆ ಹೋಗಬೇಕು ಎಂದಿದ್ದೇನೆ. ಅಲ್ಲಿ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ.

ನಿನ್ನೆ ಬೆಳಗಿನದು ಬರೆದು ಮುಗಿಸುತ್ತೇನೆ. ಎಚ್ಚರವಾದಾಗ ಬಿಸಿಲು ಚಾಪೆಯ ಮೇಲೆ ಬಂದಿತ್ತು. ಗಡಿಯಾರ ನೋಡಿದೆ, ಒಂಬತ್ತೂಕಾಲು. ನಲ್ಲಿ ನೀರು ಹೋಗಿ ಎರಡು ಗಂಟೆಯಾಗಿತ್ತು, ಇನ್ನು ಗಿಡಗಳ ಗತಿ ಏನು ಎಂದು ಹಿತ್ತಲಿಗೆ ಓಡಿದೆ. ತೊಟ್ಟಿ ತುಂಬಿತ್ತು. ಪಾತಿಗಳೆಲ್ಲ ಒದ್ದೆಯಾಗಿದ್ದವು. ಆಮೇಲೆ ಶ್ವೇತಳ ಬಾಯಿಂದ ಒಂದೊಂದಾಗಿ ತಿಳಿಯಿತು. ಆರು ಗಂಟೆಗೆ ನನ್ನ ಸದ್ದಿಲ್ಲದ್ದು ನೋಡಿ ಅವಳು ಬಂದಿದ್ದಾಳೆ. ನಾನು ಮಲಗಿದ್ದನ್ನು ಕಂಡು ಹೋಗಿ ಅತ್ತೆಗೆ ಹೇಳಿದ್ದಾಳೆ. ತೊಟ್ಟಿಗೆ ನೀರು ಬೀಳುವ ಸದ್ದಾಗದ ಹಾಗೆ ನಲ್ಲಿಗೆ ಒಂದು ಹಳೆಯ ಸೀರೆ ಕಟ್ಟಿ ಇಳಿಬಿಟ್ಟಿದ್ದಾಳೆ. ಅಜ್ಜಿ ಬೆಂಡೆಗೆ, ಮೆಣಸಿಗೆ ನೀರು ಹಾಕಿ, ಬೀದಿಯಲ್ಲಿ ಸೊಪ್ಪು ಕೂಗಿಕೊಂಡು ಬಂದವಳನ್ನು ಈ ಕಡೆ ಕೂಗಬೇಡ ಎಂದು ಗದರಿ ಆ ತುದಿಯಿಂದಲೇ ಕಳಿಸಿದ್ದಾರೆ. ಭಾನುವಾರ ರಜೆಯಾದರೂ ಕೆಂಪರಾಜಣ್ಣ ಬಂದು, ಎರಡು ಬಿಂದಿಗೆ ನೀರನ್ನು ಮಲ್ಲಿಗೆಗೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗೇಟಿನ ತನಕ ಬರಿಗಾಲಲ್ಲಿ ಹೋದನಂತೆ.

ಚೈತನ್ಯಾ